ಕಟ್ಟಿಸಿಕೊಳ್ಳುವವರನ್ನು ಕೇಳಿದ್ದೀರಾ?



ನಮ್ಮ ನುಡಿಯಲ್ಲಿ 'ಕಟ್ಟು' ಎಂಬ ಮಾತು ಎಷ್ಟೆಲ್ಲ ಕಡೆ ಬರುತ್ತದೆ ಎಂಬುದನ್ನು ಗಮನಿಸಿದ್ದೀರಾ? ಎತ್ತನ್ನು ಗೂಟಕ್ಕೆ ಕಟ್ಟುತ್ತೇವೆ. ಮದುಮಕ್ಕಳ ಕೈಗೆ ಕಂಕಣ, ಹಣೆಗೆ ಬಾಸಿಂಗ, ಕೊರಳಿಗೆ ತಾಳಿ ಕಟ್ಟುತ್ತೇವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮಗೆ ಇನ್ನೊಂದು ಕಟ್ಟೂ ಪರಿಚಿತವೇ: ಮುತ್ತು ಕಟ್ಟುವುದು. ಈ ಎಲ್ಲ ವಾಕ್ಯಗಳಲ್ಲಿ ಕಟ್ಟುವವರು ಕರ್ತೃ. ಕಟ್ಟಿಸಿಕೊಳ್ಳುವವರು ಕೇವಲ ಕರ್ಮ. ವ್ಯಾಕರಣದಲ್ಲಿ ಇದು ಸರಿ. ಆದರೆ ದೇವರ ಸಾರೂಪ್ಯದಲ್ಲಿ ಸೃಷ್ಟಿಯಾದ ಮನುಷ್ಯರ ವಿಷಯದಲ್ಲಿಯೂ ಇದು ಸರಿಯೇ?

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕಟ್ಟಿಸಿಕೊಳ್ಳುವವರ ಮನಸ್ಸನ್ನು ಕೇಳದೆ ಹಾಕಿದ ಗಂಟು, ಅದನ್ನು ಬಲಿಪೀಠದ ಮುಂದೆಯೇ ಹಾಕಿದ್ದರೂ, ದೇವರು ಹಾಕಿದ ಗಂಟಲ್ಲ. ಈ ಮಾತು ಕೆಲವರಿಗೆ ಕಹಿಯಾದೀತು. ಆದರೂ ಕೊನೆಯವರೆಗೆ ಓದಿರಿ ಎಂದು ಬೇಡುತ್ತೇನೆ.

ಮೊದಲಿಗೆ ನಮ್ಮ ಪುಟಗಳಲ್ಲಿ ಸಾಮಾನ್ಯವಾಗಿ ಬಾರದ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ. ಜಗತ್ತಿನ ಮಹಾನಗರಗಳಲ್ಲಿ ವಯಸ್ಕರ ಕೆಲವು ಗುಂಪುಗಳಿವೆ. ಅವರಲ್ಲಿ ಒಬ್ಬರು ಇನ್ನೊಬ್ಬರನ್ನು ಹಗ್ಗದಿಂದ ಕಟ್ಟುತ್ತಾರೆ, ಇನ್ನೊಬ್ಬರು ತಾವಾಗಿಯೇ ಕಟ್ಟಿಸಿಕೊಳ್ಳುತ್ತಾರೆ. ಇದರ ಬೇರು ಜಪಾನಿನಲ್ಲಿದೆ. ಎದೋ ಕಾಲದಲ್ಲಿ (1603-1868) ಸೆರೆಸಿಕ್ಕವರನ್ನು ಹಗ್ಗದಿಂದ ಬಿಗಿಯುವುದು ಅಲ್ಲಿ ಒಂದು ವಿದ್ಯೆಯೇ ಆಗಿತ್ತು; ಅದನ್ನು 'ಹೊಜೋಜುತ್ಸು' ಎಂದು ಕರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಆ ಬಿಗಿತ ಕಾಮಕ್ಕೂ ಪ್ರದರ್ಶನಕ್ಕೂ ತಿರುಗಿ, 'ಶಿಬಾರಿ' ಎಂಬ ಹೆಸರಿನಲ್ಲಿ ಜಪಾನಿನ ಹೊರಗೂ ಹರಡಿತು. ಕೇಳಿದೊಡನೆ ನಾವು ಮುಖ ತಿರುಗಿಸುತ್ತೇವೆ. ಆದರೆ ಅವರು ತಮಗೆ ತಾವೇ ವಿಧಿಸಿಕೊಂಡಿರುವ ನಿಯಮಗಳನ್ನು ಕೇಳಿರಿ. ಹಗ್ಗ ಕೈಗೆತ್ತಿಕೊಳ್ಳುವ ಮುನ್ನ ಇಬ್ಬರೂ ಕುಳಿತು ಮಾತನಾಡಬೇಕು: ಯಾವುದು ಒಪ್ಪಿಗೆ, ಯಾವುದು ಒಪ್ಪಿಗೆಯಲ್ಲ, ಯಾವ ಅಂಗಕ್ಕೆ ನೋವಿದೆ, ಯಾವುದಕ್ಕೆ ಭಯವಿದೆ. ಹಗ್ಗ ಕತ್ತರಿಸಲು ಕತ್ತರಿ ಕೈಗೆಟಕುವಂತಿರಬೇಕು. ಏಕೆಂದರೆ ತೋಳಿನ ನರದ ಮೇಲೆ ಒತ್ತಡ ಬಿದ್ದರೆ ಕೈ ವಾರಗಟ್ಟಲೆ ಜೋತುಬೀಳಬಹುದು. ಬೆರಳು ಜೋಮು ಹಿಡಿಯಿತೆಂದು, ಉಸಿರು ಕಟ್ಟುತ್ತಿದೆಯೆಂದು ಮೊದಲು ತಿಳಿಯುವುದು ಕಟ್ಟಿಸಿಕೊಂಡವರಿಗೆ. ಆದ್ದರಿಂದ ಅವರ ಮಾತೇ ಅಂತಿಮ. ಅವರು 'ನಿಲ್ಲಿಸು' ಎಂದರೆ ಕಟ್ಟಿದವರು ವಾದ ಮಾಡುವಂತಿಲ್ಲ, ಬೇಸರಿಸುವಂತಿಲ್ಲ, ತಕ್ಷಣ ಬಿಚ್ಚಬೇಕು. ಕಟ್ಟಿಸಿಕೊಳ್ಳುವುದೆಂದರೆ ಕಟ್ಟಿಗೆಯಂತೆ ಸುಮ್ಮನೆ ಬಿದ್ದಿರುವುದಲ್ಲ, ಅದೂ ಒಂದು ಹೊಣೆ, ಅದಕ್ಕೂ ಒಂದು ಎಚ್ಚರ ಬೇಕು ಎಂಬುದು ಅವರ ತಿಳಿವಳಿಕೆ. ಈ ನಿಯಮಗಳನ್ನು ಅವರಲ್ಲಿ ಎಲ್ಲರೂ ಪಾಲಿಸುತ್ತಾರೆಂದು ನಾನು ಹೇಳುತ್ತಿಲ್ಲ. ನಿಯಮವಂತೂ ಇದೆ.

ನಾನು ಆ ಪದ್ಧತಿಯ ವಕೀಲನಲ್ಲ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಒಂದು ಕಾರ್ಯ ಒಳ್ಳೆಯದಾಗಿಬಿಡುತ್ತದೆಂಬ ವಾದವನ್ನು ಕ್ರೈಸ್ತ ವಿಶ್ವಾಸ ಒಪ್ಪುವುದಿಲ್ಲ. ದೇಹ ಪವಿತ್ರಾತ್ಮರ ಆಲಯವೆಂದೂ, ಸ್ವಾತಂತ್ರ್ಯವಿದೆ ಎಂದ ಮಾತ್ರಕ್ಕೆ ಎಲ್ಲವೂ ಹಿತಕರವಲ್ಲವೆಂದೂ ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇಂಥ ವಾದಕ್ಕೆ ಉತ್ತರವಾಗಿಯೇ. ಸಮ್ಮತಿಯೊಂದೇ ಸಾಲದು, ಇದು ನಮ್ಮ ಬೋಧನೆ. ಆದರೆ ಈ ಬೋಧನೆಯ ಇನ್ನರ್ಧವನ್ನು ನಾವು ಜಾಣತನದಿಂದ ಮರೆತಿದ್ದೇವೆ: ಸಮ್ಮತಿಯೊಂದೇ ಸಾಲದಿದ್ದರೂ, ಸಮ್ಮತಿಯಿಲ್ಲದೆ ಯಾವುದೂ ಸಾಲದು. ನಾವು ಪಾಪಿಗಳೆಂದು ಬೆರಳು ತೋರಿಸುವ ಜನ ಒಂದು ಸಂಜೆಯ ಹಗ್ಗಕ್ಕೆ ಕೇಳುವಷ್ಟು ಪ್ರಶ್ನೆಗಳನ್ನು, ನಾವು ನಮ್ಮ ಮಗಳ ಇಡೀ ಬದುಕಿನ ಗಂಟಿಗೆ ಕೇಳುತ್ತೇವೆಯೇ? ಎದೆ ಮುಟ್ಟಿ ಹೇಳಿರಿ.

ಈಗ ನಮ್ಮ ಸೀಮೆಗೆ ಬರೋಣ. ಸವದತ್ತಿಯ ಯಲ್ಲಮ್ಮನ ಗುಡ್ಡದ ಹೆಸರಿನಲ್ಲಿ ಕೆಂಪು ಬಿಳಿ ಮಣಿಗಳ ಸರವನ್ನು ಹುಡುಗಿಯರ ಕೊರಳಿಗೆ ಕಟ್ಟಿ ಅವರನ್ನು ದೇವದಾಸಿಯರನ್ನಾಗಿ ಮಾಡುತ್ತಿದ್ದ ಪದ್ಧತಿ ನಮ್ಮ ತಾಲೂಕುಗಳ ದಲಿತ ಕೇರಿಗಳನ್ನು ತಲೆಮಾರುಗಳವರೆಗೆ ಹಿಂಡಿತು. ನಾನಿಲ್ಲಿ ಯಾರ ಭಕ್ತಿಯನ್ನೂ ಹಳಿಯುತ್ತಿಲ್ಲ. ಗುಡ್ಡಕ್ಕೆ ಹೋಗಿ ಹಣ್ಣು ಕಾಯಿ ಮಾಡಿಸಿ ಬರುವ ನೆರೆಯವರ ಭಕ್ತಿ ಬೇರೆ, ಮಗುವಿನ ಕೊರಳಿಗೆ ಬಿದ್ದ ಈ ಗಂಟು ಬೇರೆ. "ಆಕೆಯೂ ಒಪ್ಪಿದ್ದಳು" ಎಂಬುದು ಕಟ್ಟಿದವರ ಉತ್ತರವಾಗಿತ್ತು. ಯಾವ ಒಪ್ಪಿಗೆ? ಮನೆಯಲ್ಲಿ ಗಂಡು ಮಕ್ಕಳಿಲ್ಲ, ಮುದಿ ತಂದೆತಾಯಿಯರನ್ನು ನೋಡಿಕೊಳ್ಳಬೇಕು, ತಲೆಯಲ್ಲಿ ಜಡೆ ಕಟ್ಟಿದೆ, ದೇವಿ ಕರೆಯುತ್ತಿದ್ದಾಳೆ ಎಂದು ನಾಲ್ಕು ಕಡೆಯಿಂದಲೂ ಬಾಗಿಲು ಮುಚ್ಚಿದ ಮೇಲೆ ಮಗು ತಲೆಯಾಡಿಸಿದರೆ ಅದು ಒಪ್ಪಿಗೆಯೇ?

1982ರ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮವು ಈ ಪ್ರಶ್ನೆಗೆ ನೇರವಾಗಿ ಉತ್ತರಿಸಿತು. ಹೆಣ್ಣು ಸಮ್ಮತಿಸಿದ್ದರೂ ಸಮ್ಮತಿಸದಿದ್ದರೂ ಆ ಸಮರ್ಪಣೆ ಕಾನೂನುಬಾಹಿರ, ಶೂನ್ಯ ಎಂದು ಅದು ಸಾರಿತು. ಸಮರ್ಪಿಸಿದವರು ತಂದೆತಾಯಿ ಅಥವಾ ಬಂಧುಗಳಾಗಿದ್ದರೆ ಶಿಕ್ಷೆ ಹೆಚ್ಚು ಎಂದೂ ಹೇಳಿತು. ಇಲ್ಲಿ ಶಾಸನಕಾರರ ವಿವೇಕವನ್ನು ಗಮನಿಸಬೇಕು. 'ಇಲ್ಲ' ಎನ್ನಲು ದಾರಿಯೇ ಇಲ್ಲದವರ 'ಹೌದು' ಎಂಬುದಕ್ಕೆ ಬೆಲೆಯಿಲ್ಲ ಎಂಬುದನ್ನು ಅವರು ಅರಿತಿದ್ದರು. ಹೆತ್ತವರ ಕೈಯಿಂದ ಬಿದ್ದ ಗಂಟು ಪರರು ಹಾಕಿದ ಗಂಟಿಗಿಂತ ಬಿಗಿ ಎಂಬುದನ್ನೂ ಅರಿತಿದ್ದರು.

ಆ ಗಂಟನ್ನು ನಮ್ಮ ನೆಲದಲ್ಲಿ ಬಿಚ್ಚಿದವರಲ್ಲಿ ಮುಂದೆ ನಿಂತವರು ಕಟ್ಟಿಸಿಕೊಂಡವರೇ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ 1997ರಲ್ಲಿ 'ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ'ಯನ್ನು ಕಟ್ಟಿಕೊಂಡರು. ಜನ ಅದನ್ನು 'ಮಾಸ್' ಎಂದೇ ಕರೆಯುತ್ತಾರೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. 'ಕಟ್ಟು' ಎಂಬ ಅದೇ ಕ್ರಿಯಾಪದ ಇಲ್ಲಿ ಹೇಗೆ ತಿರುಗಿತು ನೋಡಿರಿ: ಯಾರ ಕೊರಳಿಗೆ ಕಟ್ಟಲಾಗಿತ್ತೋ ಅವರು ಒಂದು ಸಂಘಟನೆಯನ್ನು ಕಟ್ಟಿದರು. ಕರ್ಮವಾಗಿದ್ದವರು ಕರ್ತೃಗಳಾದರು. ಮನೆಮನೆಗೆ ಹೋಗಿ, ಇನ್ನೊಂದು ಮಗುವಿನ ಕೊರಳಿಗೆ ಮುತ್ತು ಬೀಳದಂತೆ ತಡೆದರು. ಅವರಿಗೆ ಗೊತ್ತಿದ್ದುದನ್ನು ಯಾವ ಪಂಡಿತನೂ ಪುಸ್ತಕದಿಂದ ಕಲಿತಿರಲಿಲ್ಲ.

ಇಷ್ಟನ್ನು ಓದಿ, "ದೇವರಿಗೆ ಸ್ತೋತ್ರ, ಇದು ನಮ್ಮಲ್ಲಿಲ್ಲ" ಎಂದು ನಿಟ್ಟುಸಿರು ಬಿಡುವ ಓದುಗರಿಗಾಗಿಯೇ ಮುಂದಿನ ಮಾತುಗಳು.

ನಮ್ಮ ಧರ್ಮಕೇಂದ್ರದ ಯಾವುದಾದರೊಂದು ಮನೆಯ ಪಡಸಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಗಂಡಿನ ಕಡೆಯವರು ಬಂದಿದ್ದಾರೆ. ಹಿರಿಯರು ಮಾತು ಮುಗಿಸಿ ಸಕ್ಕರೆ ಹಂಚಿಯಾಯಿತು. ಹುಡುಗಿ ಚಹಾ ತಂದಿಟ್ಟು ಒಳಗೆ ಹೋದಳು. ಯಾರೋ ಒಬ್ಬರು, "ಹುಡುಗಿನ್ನ ಒಂದ್ ಮಾತ ಕೇಳೂಣು" ಎನ್ನುತ್ತಾರೆ. ತಂದೆ ನಗುತ್ತಾರೆ: "ಅಕಿನ್ನೇನ ಕೇಳೂದೈತಿ? ನಾವ್ ಹೇಳಿದಾಂಗ ಕೇಳ್ತಾಳ." ಇದು ಮಗಳ ಪ್ರಶಂಸೆಯೆಂದು ಆ ತಂದೆ ನಂಬಿದ್ದಾರೆ. ಇನ್ನು ಕೆಲವು ಮನೆಗಳಲ್ಲಿ ಇಷ್ಟೂ ಇಲ್ಲ. ತೊಟ್ಟಿಲಿನಲ್ಲಿರುವಾಗಲೇ ಸೋದರಮಾವನಿಗೆಂದು ಮಾತಾಗಿರುತ್ತದೆ. ಅಷ್ಟು ಹತ್ತಿರದ ರಕ್ತಸಂಬಂಧ ಧರ್ಮಸಭೆಯ ಕಾನೂನಿನಲ್ಲಿ ವಿವಾಹಕ್ಕೆ ಅಡ್ಡಿ. ವಿನಾಯಿತಿಯಿಲ್ಲದೆ ಆ ಮದುವೆ ನಡೆಯದು. ನಾವು ವಿನಾಯಿತಿ ಪತ್ರಕ್ಕಾಗಿ ಗುರುಗಳ ಬಾಗಿಲಿಗೆ ನಾಲ್ಕು ಬಾರಿ ಅಲೆಯುತ್ತೇವೆ. ಹುಡುಗಿಯ ಬಳಿಗೆ ಒಂದು ಬಾರಿಯೂ ಹೋಗುವುದಿಲ್ಲ. ಅವಳು ಮಾತನಾಡದಿದ್ದರೆ ನಮ್ಮಲ್ಲಿ ಸಂಸ್ಕೃತದ ಗಾದೆ ಸಿದ್ಧವಾಗಿದೆ: ಮೌನಂ ಸಮ್ಮತಿ ಲಕ್ಷಣಂ. ಮೌನ ಸಮ್ಮತಿಯ ಲಕ್ಷಣವಂತೆ! ಹೊಡೆತ ತಿಂದ ಎತ್ತೂ ಮೌನವಾಗಿಯೇ ಇರುತ್ತದೆ.

ಧರ್ಮಸಭೆ ಹೇಳುವುದೇನು? 1983ರ ಧರ್ಮಸಭಾ ಕಾನೂನು ಸಂಹಿತೆಯ 1057ನೆಯ ವಿಧಿಯ ಪ್ರಕಾರ ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿಯೇ. ಗುರುವಾಗಲಿ, ತಂದೆಯಾಗಲಿ, ಬೇರೆ ಯಾವ ಮಾನವಶಕ್ತಿಯಾಗಲಿ ಅವರ ಬದಲಿಗೆ ಸಮ್ಮತಿಸಲು ಬರುವುದಿಲ್ಲ. 1103ನೆಯ ವಿಧಿಯಂತೆ, ಬಲಾತ್ಕಾರದಿಂದಲೋ, ಹೊರಗಿನಿಂದ ಬಂದ ಗಂಭೀರ ಭಯದಿಂದಲೋ ಆದ ವಿವಾಹ ವಿವಾಹವೇ ಅಲ್ಲ. ಆ ಭಯವನ್ನು ಯಾರೂ ಬೇಕೆಂದು ಹುಟ್ಟಿಸದಿದ್ದರೂ ಸರಿಯೇ. 219ನೆಯ ವಿಧಿ ಬದುಕಿನ ಅಂತಸ್ತನ್ನು ಆರಿಸಿಕೊಳ್ಳುವಲ್ಲಿ ಎಲ್ಲ ವಿಶ್ವಾಸಿಗಳಿಗೂ ಒತ್ತಾಯದಿಂದ ಮುಕ್ತರಾಗಿರುವ ಹಕ್ಕನ್ನು ಕೊಡುತ್ತದೆ. ಅಂದರೆ, ತಾಯಿ ಊಟ ಬಿಟ್ಟು ಮಲಗಿದ್ದರಿಂದ, ತಂದೆ "ನನ್ನ ಮರ್ಯಾದೆ ಹೋಗುತ್ತದೆ" ಎಂದು ಬಾವಿಯ ಕಡೆ ನೋಡಿದ್ದರಿಂದ ಬಾಯಿಗೆ ಬಂದ 'ಒಪ್ಪಿದ್ದೇನೆ' ಎಂಬ ಮಾತು ಪೀಠದ ಮುಂದೆ ಎಷ್ಟು ಗಟ್ಟಿಯಾಗಿ ಕೇಳಿಸಿದರೂ, ಅದರ ಒಳಗೆ ಏನಿದೆ ಎಂಬುದನ್ನು ದೇವರು ಬಲ್ಲರು.

ಇನ್ನೊಂದು ಹೋಲಿಕೆ ನೋಡಿರಿ. ಕನ್ಯಾಮಠಕ್ಕೆ ಸೇರುವ ಯುವತಿಗೆ ಧರ್ಮಸಭೆ ಕನಿಷ್ಠ ಹನ್ನೆರಡು ತಿಂಗಳ ನವಶಿಷ್ಯತ್ವವನ್ನು ಕಡ್ಡಾಯ ಮಾಡಿದೆ. ಅದಾದ ಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತಗಳು. ಆಮೇಲಷ್ಟೇ ಶಾಶ್ವತ ವ್ರತ. ಅವಧಿ ಮುಗಿದಾಗ ಆಕೆ "ಇದು ನನ್ನ ಕರೆಯಲ್ಲ" ಎಂದು ಹೊರಡಬಹುದು. ಕ್ರಿಸ್ತನಿಗೇ ವಧುವಾಗುವವಳಿಗೆ ಇಷ್ಟು ವರ್ಷಗಳ ಆಲೋಚನೆಯ ಅವಕಾಶ. ಒಬ್ಬ ಮನುಷ್ಯನಿಗೆ ವಧುವಾಗುವವಳಿಗೆ ಚಹಾ ತಟ್ಟೆ ಹಿಡಿದು ನಿಂತಷ್ಟು ಹೊತ್ತು! ಎರಡೂ ಜೀವಾವಧಿಯ ಗಂಟುಗಳೇ ಅಲ್ಲವೇ?

ಆದಿಕಾಂಡದ 24ನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯವರೆಲ್ಲ ಕೂಡಿ ಓದಿರಿ. ಅಬ್ರಹಾಮನ ಸೇವಕ ರೆಬೆಕ್ಕಳನ್ನು ಕೇಳಲು ಬಂದಾಗ ಅಣ್ಣನೂ ತಂದೆಯೂ ಅಂದೇ ಒಪ್ಪಿದ್ದರು, ಒಡವೆಗಳೂ ಬಂದಿದ್ದವು. ಆದರೂ ಮರುದಿನ ಕೂಡಲೇ ಹೊರಡಬೇಕೆಂಬ ಮಾತು ಬಂದಾಗ ಮನೆಯವರು ಹುಡುಗಿಯನ್ನೇ ಕರೆದು ಕೇಳಿದರು. ಆಕೆ ತನ್ನ ಬಾಯಿಂದಲೇ ಉತ್ತರಿಸಿದಳು. ಡೇರೆಗಳಲ್ಲಿ ಬಾಳಿದ ಆ ಪ್ರಾಚೀನ ಕಾಲದ ಜನ ಹೊರಡುವ ದಿನದ ಬಗ್ಗೆ ಹುಡುಗಿಯನ್ನು ಕೇಳಿದರು. ಮೊಬೈಲು ಹಿಡಿದ ನಾವು ಹೊರಡಬೇಕೇ ಬೇಡವೇ ಎಂಬುದನ್ನೇ ಕೇಳುವುದಿಲ್ಲ.

ಕೇಳುವುದು ಮದುವೆಯ ದಿನಕ್ಕೆ ಮುಗಿಯುವುದೂ ಇಲ್ಲ. ಒಮ್ಮೆ 'ಒಪ್ಪಿದ್ದೇನೆ' ಎಂದವಳು ಎಂದೆಂದಿಗೂ, ಪ್ರತಿ ರಾತ್ರಿಗೂ, ಜ್ವರದಲ್ಲಿಯೂ, ಬಾಣಂತನದಲ್ಲಿಯೂ ಒಪ್ಪಿದಂತೆಯೇ ಎಂದು ತಿಳಿದಿರುವ ಗಂಡಂದಿರು ನಮ್ಮ ಪೀಠದ ಮುಂದಿನ ಸಾಲುಗಳಲ್ಲಿಯೂ ಕುಳಿತಿರುತ್ತಾರೆ. ಅವರಿಗೆ ಜಗದ್ಗುರು ಆರನೆಯ ಪೌಲರು 1968ರಲ್ಲಿಯೇ ತಮ್ಮ 'ಹ್ಯೂಮಾನೆ ವಿತೆ' ವಿಶ್ವಪತ್ರದಲ್ಲಿ ಉತ್ತರ ಕೊಟ್ಟಿದ್ದಾರೆ: ಸಂಗಾತಿಯ ಸ್ಥಿತಿಯನ್ನೂ ನ್ಯಾಯವಾದ ಇಚ್ಛೆಯನ್ನೂ ಲೆಕ್ಕಿಸದೆ ಹೇರಿದ ಕೂಡುವಿಕೆ ಪ್ರೀತಿಯ ಕಾರ್ಯವಲ್ಲ, ಅದು ದಾಂಪತ್ಯದ ನೈತಿಕತೆಗೆ ವಿರುದ್ಧ. ಆ ಪತ್ರವನ್ನು ಗರ್ಭನಿರೋಧದ ವಿಷಯಕ್ಕಾಗಿ ಸಾವಿರ ಬಾರಿ ಉದ್ಧರಿಸುವ ನಾವು ಈ ಮಾತನ್ನು ಎಷ್ಟು ಬಾರಿ ಪ್ರಬೋಧನೆಯಲ್ಲಿ ಕೇಳಿದ್ದೇವೆ? ನಮ್ಮ ದೇಶದ ಕಾನೂನು ಇಲ್ಲಿ ಇನ್ನೂ ಹಿಂದೆ ಉಳಿದಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಮಾರ್ಚ್ 23ರಂದು, ಗಂಡನೆಂಬ ಕಾರಣಕ್ಕೆ ಒಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ನಿರಾಕರಿಸಿತು. ಆ ಆದೇಶಕ್ಕೆ ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಗಂಡನಿಗಿರುವ ವಿನಾಯಿತಿಯನ್ನು ಉಳಿಸಿಕೊಂಡಿತು. ಆದರೆ ಕ್ರೈಸ್ತನು ತನ್ನ ಅಂತಃಸಾಕ್ಷಿಯನ್ನು ದಂಡಸಂಹಿತೆಯ ವಿನಾಯಿತಿಯಲ್ಲಿ ಬಚ್ಚಿಡಬಾರದು.

ನನಗೆ ಬರಬಹುದಾದ ಆಕ್ಷೇಪಣೆಯನ್ನು ಬಲ್ಲೆ. "ವಿಧೇಯತೆ ಕ್ರೈಸ್ತ ಸದ್ಗುಣವಲ್ಲವೇ? ಮಾತೆ ಮರಿಯ ತನ್ನನ್ನು ದಾಸಿಯೆಂದು ಕರೆದುಕೊಳ್ಳಲಿಲ್ಲವೇ? ಪ್ರಭು ಯೇಸು ಸುಮ್ಮನೆ ಕಟ್ಟಿಸಿಕೊಳ್ಳಲಿಲ್ಲವೇ? ಹೆಂಡತಿ ಗಂಡನಿಗೆ ಅಧೀನಳಾಗಿರಲೆಂದು ಪೌಲರೇ ಬರೆಯಲಿಲ್ಲವೇ?" ಒಳ್ಳೆಯ ಪ್ರಶ್ನೆಗಳು. ಒಂದೊಂದಾಗಿ ನೋಡೋಣ.

ದೇವದೂತ ಗಬ್ರಿಯೇಲನು ಆಜ್ಞೆ ಹೊರಡಿಸಿ ಹಾರಿಹೋಗಲಿಲ್ಲ. ಮರಿಯ ಕಳವಳಗೊಂಡಳು; ದೂತ ಸಂತೈಸಿದ. ಮರಿಯ ಇದು ಹೇಗಾದೀತೆಂದು ಪ್ರಶ್ನಿಸಿದಳು, ದೂತ ವಿವರಿಸಿದ. ಆಕೆ ಒಪ್ಪಿದ ಮೇಲಷ್ಟೇ ಅವನು ಹೊರಟುಹೋದನೆಂದು ಲೂಕನು ಬರೆಯುತ್ತಾನೆ. ಇಡೀ ಲೋಕವೇ ಆ ಕನ್ಯೆಯ ಉತ್ತರಕ್ಕಾಗಿ ಕಾದಿತ್ತೆಂದು ಹನ್ನೆರಡನೆಯ ಶತಮಾನದಲ್ಲಿ ಸಂತ ಬರ್ನಾರ್ಡರು ಪ್ರಬೋಧಿಸಿದರು. ಸರ್ವಶಕ್ತ ದೇವರು ನಜರೇತಿನ ಒಬ್ಬ ಬಡ ಹುಡುಗಿಯ ಉತ್ತರಕ್ಕೆ ಕಾದರೆ, ಕಾಯಲು ಪುರುಸೊತ್ತಿಲ್ಲದ ನಾವು ದೇವರಿಗಿಂತ ದೊಡ್ಡವರೇ? ಸ್ವೀಕರಿಸುವುದೆಂದರೆ ಸುಮ್ಮನಿರುವುದಲ್ಲ. ಮಾತೆ ಮರಿಯಳ ಸ್ವೀಕಾರ ಮನುಷ್ಯಕುಲದ ಅತ್ಯಂತ ಎಚ್ಚೆತ್ತ ಕ್ರಿಯೆ.

ಪ್ರಭುವನ್ನು ತೋಟದಲ್ಲಿ ಬಂಧಿಸಿ ಕಟ್ಟಿದರೆಂದು ಯೊವಾನ್ನನು ಹೇಳುತ್ತಾನೆ. ಆದರೆ ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆಂದು ಪ್ರಭು ಅದಕ್ಕೆ ಮೊದಲೇ ತಿಳಿಸಿದ್ದರು. ಗೆತ್ಸೆಮನೆಯಲ್ಲಿ ಮೂರು ಬಾರಿ ಪ್ರಾರ್ಥಿಸಿ, ಆ ಪಾತ್ರೆ ತನ್ನಿಂದ ದೂರವಾಗಲೆಂಬ ಬಯಕೆಯನ್ನು ಮುಚ್ಚಿಡದೆ ತಂದೆಯ ಮುಂದಿಟ್ಟು, ಆಮೇಲೆ ಒಪ್ಪಿದರು. ಮೊದಲು ಸಮ್ಮತಿ, ಆಮೇಲೆ ಹಗ್ಗ. ಹಾಗೆಂದು ಆ ಹಗ್ಗ ಕಟ್ಟಿದವರು ಪುಣ್ಯವಂತರಾಗಲಿಲ್ಲ. ತನ್ನನ್ನು ತಾನೇ ಅರ್ಪಿಸಿಕೊಂಡ ಕ್ರಿಸ್ತನನ್ನು ತೋರಿಸಿ, ಅರ್ಪಿಸಿಕೊಳ್ಳದ ಹೆಣ್ಣನ್ನು ಕಟ್ಟುವವರು ತಾವು ಯಾರ ಪಕ್ಷದಲ್ಲಿ ನಿಂತಿದ್ದೇವೆಂದು ನೋಡಿಕೊಳ್ಳಲಿ.

ಇನ್ನು ಎಫೆಸದವರಿಗೆ ಬರೆದ ಪತ್ರ. 5ನೆಯ ಅಧ್ಯಾಯದ 22ನೆಯ ವಚನವನ್ನು ಬಾಯಿಪಾಠ ಮಾಡಿದವರು ಅದಕ್ಕೆ ಮುಂಚಿನ 21ನೆಯ ವಚನವನ್ನೂ ಓದಬೇಕು. ಅಲ್ಲಿರುವುದು ಪರಸ್ಪರ ಅಧೀನತೆ. ಗಂಡನ ಪಾಲಿಗೆ ಕ್ರಿಸ್ತನಂತೆ ಪ್ರಾಣ ಕೊಡುವ ಪ್ರೀತಿ. ಒಂದೇ ತುದಿಯಲ್ಲಿ ಬಿಗಿಯುವ ಹಗ್ಗ ಅಲ್ಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ತಾಯಂದಿರೇ, ಮಾತುಕತೆಗೆ ಮುನ್ನ ಮಗಳನ್ನು ಒಬ್ಬಳನ್ನೇ ಕೂಡಿಸಿಕೊಂಡು ಕೇಳಿರಿ; 'ಬೇಡ' ಎಂದರೆ ಮನೆಯಲ್ಲಿ ಕಣ್ಣೀರಿನ ಹೊಳೆ ಹರಿಯುವುದಿಲ್ಲವೆಂದು ಮೊದಲೇ ಮಾತು ಕೊಟ್ಟು ಕೇಳಿರಿ. ತಂದೆಯವರೇ, ನಿಶ್ಚಯವಾದ ಮೇಲೂ, ಪತ್ರಿಕೆ ಅಚ್ಚಾದ ಮೇಲೂ ಅವಳು ನಿಲ್ಲಿಸಬಹುದೆಂದು ನಿಮ್ಮ ಬಾಯಿಂದಲೇ ಹೇಳಿರಿ. ಪತ್ರಿಕೆಯ ಖರ್ಚು ಮಗಳ ಬದುಕಿಗಿಂತ ದುಬಾರಿಯಲ್ಲ. ಗುರುವರ್ಯರಲ್ಲಿ ನನ್ನ ವಿನಮ್ರ ಬಿನ್ನಹವಿಷ್ಟೇ: ವಿವಾಹಪೂರ್ವ ವಿಚಾರಣೆಯಲ್ಲಿ ವಧುವನ್ನೂ ವರನನ್ನೂ ಪ್ರತ್ಯೇಕವಾಗಿ, ಬಂಧುಗಳು ಬಾಗಿಲ ಹೊರಗೂ ನಿಂತಿರದಂತೆ ಕೇಳಿರಿ, ಅರ್ಜಿಯಲ್ಲಿ ಗೆರೆ ತುಂಬುವುದಕ್ಕಾಗಿ ಕೇಳಬೇಡಿರಿ, ಉತ್ತರಕ್ಕಾಗಿ ಕೇಳಿರಿ. ಗಂಡು ಮಕ್ಕಳನ್ನೂ ಮರೆಯಬೇಡಿರಿ. ಆಸ್ತಿಗಾಗಿ, ಅಜ್ಜಿಯ ಕೊನೆಯಾಸೆಗಾಗಿ ಕೊರಳೊಡ್ಡಿದ ಹುಡುಗರೂ ನಮ್ಮಲ್ಲಿದ್ದಾರೆ. ನೊಂದು ತವರಿಗೆ ಬಂದ ಮಗಳನ್ನು "ನಾಕ್ ದಿನಾ ತಡಕೊ" ಎಂದು ಮರಳಿ ಬಸ್ಸು ಹತ್ತಿಸುವ ಮೊದಲು, ಆಕೆ ಏನನ್ನು ತಡೆದುಕೊಳ್ಳಬೇಕೆಂದು ನೀವು ಹೇಳುತ್ತಿದ್ದೀರಿ ಎಂಬುದನ್ನು ಪೂರ್ತಿ ಕೇಳಿರಿ. ಮುತ್ತು ಬಿಚ್ಚಿ ಬಂದ ತಾಯಂದಿರ ಮಕ್ಕಳು ನಮ್ಮ ಶಾಲೆಗಳಿಗೆ, ನಮ್ಮ ಓಣಿಗಳಿಗೆ ಬಂದಾಗ ತಂದೆಯ ಹೆಸರು ಕೆದಕದೆ ಅವರಿಗೆ ಪಕ್ಕದಲ್ಲಿ ಜಾಗ ಕೊಡಿರಿ.

ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷಗಳಿಂದ ಬೆನ್ನು ಬಾಗಿದ ಒಬ್ಬ ಸ್ತ್ರೀ ಇದ್ದಾಳೆ. ಸಬ್ಬತ್ ದಿನದಂದು ಪ್ರಭು ಆಕೆಯನ್ನು ನೆಟ್ಟಗೆ ನಿಲ್ಲಿಸಿದಾಗ ಪ್ರಾರ್ಥನಾಮಂದಿರದ ಅಧ್ಯಕ್ಷನಿಗೆ ಸಿಟ್ಟು ಬಂತು. ಆಗ ಪ್ರಭು ಕೇಳಿದ್ದು ನಮ್ಮಂಥ ರೈತಾಪಿ ಜನರಿಗೆ ಚೆನ್ನಾಗಿ ತಿಳಿಯುವ ಪ್ರಶ್ನೆ: ಸಬ್ಬತ್ತಿನಲ್ಲಿಯೂ ನೀವು ನಿಮ್ಮ ಎತ್ತನ್ನು ಗೋದಲೆಯಿಂದ ಬಿಚ್ಚಿ ನೀರಿಗೆ ಒಯ್ಯುವುದಿಲ್ಲವೇ? ಹಾಗಿದ್ದರೆ ಇಷ್ಟು ವರ್ಷ ಕಟ್ಟುಬಿದ್ದಿದ್ದ ಅಬ್ರಹಾಮನ ಈ ಮಗಳನ್ನು ಬಿಚ್ಚಬಾರದೇ? ಘಟಪ್ರಭೆಯ ದಂಡೆಯಲ್ಲಿ ಎತ್ತಿನ ಬಾಯಾರಿಕೆ ನಮಗೆ ಅರ್ಥವಾಗುತ್ತದೆ. ಅದು ಬಾಯಿ ಬಿಟ್ಟು ಕೇಳದಿದ್ದರೂ ಕಣ್ಣು ನೋಡಿ ತಿಳಿಯುತ್ತೇವೆ, ಹೊತ್ತಿಗೆ ಸರಿಯಾಗಿ ಹಗ್ಗ ಬಿಚ್ಚುತ್ತೇವೆ.

ಇಂದು ಸಂಜೆ ಎತ್ತಿಗೆ ನೀರು ಕುಡಿಸಿ ಮನೆಗೆ ಬಂದ ಮೇಲೆ ಮಗಳ ಎದುರು ಕುಳಿತುಕೊಳ್ಳಿರಿ. ಒಂದು ಪ್ರಶ್ನೆ ಕೇಳಿರಿ. ಉತ್ತರ ಬರುವವರೆಗೆ ಕಾಯಿರಿ.